ಬೆವರು ಕಾಣದ ದುಡಿಮೆ: ವರ್ರಾಕನಿಂದ ವೆಬ್ ಡಿಸೈನರ್‌ವರೆಗೆ

ನಮ್ಮ ಊರುಗಳಲ್ಲಿ ಈಗ ಹೊಸ ಬಗೆಯ ಕುಶಲಕರ್ಮಿಯೊಬ್ಬನಿದ್ದಾನೆ. ಅವನಿಗೆ ಅಂಗಡಿಯಿಲ್ಲ, ಬೋರ್ಡಿಲ್ಲ, ಯಜಮಾನನೂ ಇಲ್ಲ. ಮನೆಯ ಮೂಲೆಯಲ್ಲೊಂದು ಮೇಜು, ಅದರ ಮೇಲೊಂದು ಲ್ಯಾಪ್‌ಟಾಪ್. ಇಶಾ ನಮಾಝ್ ಮುಗಿಸಿ ಕುಳಿತರೆ ಕೆಲವೊಮ್ಮೆ ಫಜ್ರ್‌ನ ಬಾಂಗ್ ಕೇಳುವವರೆಗೂ ಎದ್ದೇಳುವುದಿಲ್ಲ. ಏಕೆಂದರೆ ನಮ್ಮ ರಾತ್ರಿ ಅಮೆರಿಕದ ಗಿರಾಕಿಗೆ ಹಗಲು. ಅವನು ವೆಬ್‌ಸೈಟ್‌ಗಳನ್ನು ಕಟ್ಟುತ್ತಾನೆ. ಪುಟದ ರೂಪವೂ ಅವನದೇ, ಅದರ ಹಿಂದೆ ಓಡುವ ಕೋಡ್ ಕೂಡ ಅವನದೇ. ಮದುವೆಯ ಮಾತುಕತೆಗೆ ಹೋದಾಗ "ಹುಡುಗನಿಗೆ ಯಾವ ಕಂಪೆನಿಯಲ್ಲಿ ಕೆಲಸ?" ಎಂದು ಕೇಳುತ್ತಾರೆ. "ಮನೆಯಲ್ಲೇ ಕೆಲಸ, ಫ್ರೀಲ್ಯಾನ್ಸರ್" ಎಂದರೆ ಹುಡುಗಿಯ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ದುಡಿಮೆಯನ್ನು ನಾವು ತೀರಾ ಹೊಸದೆಂದು ಭಾವಿಸಿದ್ದೇವೆ. ಕಂಪ್ಯೂಟರ್ ಹೊಸದು, ಅಂತರ್ಜಾಲ ಹೊಸದು, ನಿಜ. ಆದರೆ ಒಬ್ಬ ಯಜಮಾನನ ಕೆಳಗೆ ತಿಂಗಳ ಸಂಬಳಕ್ಕೆ ದುಡಿಯದೆ, ಹತ್ತಾರು ಗಿರಾಕಿಗಳಿಗೆ ಬಿಡಿಬಿಡಿಯಾಗಿ ಅಕ್ಷರದ ಕೆಲಸ ಮಾಡಿಕೊಡುವವನು ಹೊಸಬನಲ್ಲ. ಅವನಿಗೆ ಸಾವಿರ ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಬಾಗ್ದಾದಿನ ಬೀದಿಗಳಲ್ಲಿ ನಡೆದಿದೆ. ಅವನ ಸಂಕಟಗಳೂ ಹೊಸವಲ್ಲ ಎಂಬುದನ್ನು ಈ ಚರಿತ್ರೆಯೇ ಹೇಳುತ್ತದೆ.

ಬಾಗ್ದಾದಿನ ಕಾಗದದ ಬೀದಿ

ಅಬ್ಬಾಸಿ ಖಲೀಫ ಅಲ್ ಮನ್ಸೂರ್ ಕ್ರಿ.ಶ. 762ರಲ್ಲಿ ಬಾಗ್ದಾದ್ ನಗರಕ್ಕೆ ಅಡಿಪಾಯ ಹಾಕಿದನು. ಆ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಕಾಗದದ ತಯಾರಿಕೆ ನೆಲೆಯೂರಿತ್ತು. ಚರ್ಮದ ಹಾಳೆಗಿಂತ ಅಗ್ಗವಾಗಿದ್ದ ಈ ಕಾಗದ ಒಂದು ಹೊಸ ವೃತ್ತಿಗೆ ಜನ್ಮವಿತ್ತಿತು. ಅರಬಿಯಲ್ಲಿ 'ವರಖ್' ಎಂದರೆ ಹಾಳೆ. ಹಾಳೆ ಮಾರುವವನು, ಹಾಳೆಯ ಮೇಲೆ ಗ್ರಂಥ ನಕಲು ಮಾಡುವವನು, ಹೊಲಿದು ರಟ್ಟು ಕಟ್ಟುವವನು, ಕೊನೆಗೆ ಮಾರುವವನು - ಇವರೆಲ್ಲರಿಗೂ 'ವರ್ರಾಕ್' ಎಂಬ ಒಂದೇ ಹೆಸರು. ಬಾಗ್ದಾದಿನ ಒಂದು ಬಡಾವಣೆಯಲ್ಲಿಯೇ ನೂರಕ್ಕೂ ಹೆಚ್ಚು ವರ್ರಾಕರ ಅಂಗಡಿಗಳಿದ್ದವೆಂದು ಒಂಬತ್ತನೇ ಶತಮಾನದ ಭೂಗೋಳ ಲೇಖಕ ಯಾಕೂಬಿ ಬರೆದಿದ್ದಾನೆ. ಮಹಾ ಲೇಖಕ ಅಲ್ ಜಾಹಿಝ್ ಇಂಥ ಅಂಗಡಿಗಳನ್ನು ರಾತ್ರಿಗೆ ಬಾಡಿಗೆ ಹಿಡಿದು ಅಲ್ಲಿನ ಪುಸ್ತಕಗಳನ್ನೆಲ್ಲ ಓದುತ್ತಿದ್ದನಂತೆ. ಅರಬಿ ಗ್ರಂಥಗಳ ಮಹಾಪಟ್ಟಿಯಾದ 'ಅಲ್ ಫಿಹ್‌ರಿಸ್ತ್' ಅನ್ನು ಕ್ರಿ.ಶ. 987ರ ಸುಮಾರಿಗೆ ಸಿದ್ಧಪಡಿಸಿದ ಇಬ್ನ್ ಅನ್ನದೀಮ್ ಸ್ವತಃ ಈ ವೃತ್ತಿಯವನೇ.

ಈ ವೃತ್ತಿಗೆ ಮತದ ಗೋಡೆಯಿರಲಿಲ್ಲ. ಅಲ್ ಫಾರಾಬಿಯ ಶಿಷ್ಯ, ತತ್ವಜ್ಞಾನಿ ಯಹ್ಯಾ ಇಬ್ನ್ ಅದಿ ಕ್ರೈಸ್ತ. ಅವನ ಅನ್ನದ ದಾರಿ ನಕಲು ಬರವಣಿಗೆ. ಇಮಾಮ್ ತಬರಿಯವರ ಬೃಹತ್ ಕುರ್‌ಆನ್ ವ್ಯಾಖ್ಯಾನವನ್ನು ತಾನು ಎರಡು ಬಾರಿ ಕೈಯಾರೆ ನಕಲು ಮಾಡಿರುವುದಾಗಿಯೂ, ಒಂದು ಹಗಲು-ರಾತ್ರಿಯಲ್ಲಿ ನೂರು ಹಾಳೆ ಬರೆಯಬಲ್ಲೆನೆಂದೂ ಅವನು ಇಬ್ನ್ ಅನ್ನದೀಮ್‌ಗೆ ಹೇಳಿದ್ದ. ದೃಗ್ವಿಜ್ಞಾನದ ಪಿತಾಮಹ ಇಬ್ನುಲ್ ಹೈಸಮ್ ಕೈರೋದಲ್ಲಿ ವರ್ಷಕ್ಕೊಮ್ಮೆ ಯೂಕ್ಲಿಡ್, ಟಾಲೆಮಿಯ ಅಲ್ಮಜೆಸ್ಟ್ ಮೊದಲಾದ ಗ್ರಂಥಗಳ ನಕಲು ತೆಗೆದು, ಅದನ್ನು 150 ದೀನಾರಿಗೆ ಮಾರಿ, ಆ ವರ್ಷದ ಜೀವನ ಸಾಗಿಸುತ್ತಿದ್ದನೆಂದು ಚರಿತ್ರೆಕಾರ ಇಬ್ನುಲ್ ಖಿಫ್ತಿ ತಿಳಿಸುತ್ತಾನೆ. ಹೊಟ್ಟೆಪಾಡಿನ ಕೆಲಸ ಮುಗಿಸಿ ಉಳಿದ ಸಮಯವನ್ನು ತನ್ನ ಸಂಶೋಧನೆಗೆ ಇಟ್ಟುಕೊಳ್ಳುವುದು ಎಷ್ಟು ಹಳೆಯ ಉಪಾಯ ನೋಡಿ!

ಮಹಿಳೆಯರೂ ಹೊರಗುಳಿದಿರಲಿಲ್ಲ. ಸ್ಪೇನಿನ ಕೊರ್ಡೋಬದಲ್ಲಿ, ನಗರದ ಪೂರ್ವ ಭಾಗದ ಬಡಾವಣೆಯೊಂದರಲ್ಲೇ 170 ಮಹಿಳೆಯರು ಕೂಫಿ ಲಿಪಿಯಲ್ಲಿ ಕುರ್‌ಆನ್ ಪ್ರತಿಗಳನ್ನು ಬರೆಯುತ್ತಿದ್ದರೆಂದು ಹದಿಮೂರನೇ ಶತಮಾನದ ಚರಿತ್ರೆಕಾರ ಅಬ್ದುಲ್ ವಾಹಿದ್ ಅಲ್ ಮರ್ರಾಕುಶಿ ದಾಖಲಿಸಿದ್ದಾನೆ. ಇಂದು ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆರೆಯುವ ನಮ್ಮ ಸಹೋದರಿಯರು ಈ ಪರಂಪರೆಯ ವಾರಸುದಾರರೇ ಅಲ್ಲವೇ?

ತೌಹೀದಿಯ ಕಣ್ಣುಗಳು

ಆದರೆ ಈ ಬೀದಿಯನ್ನು ಬರಿಯ ಹೆಮ್ಮೆಯಿಂದ ನೋಡಿದರೆ ಸಾಲದು. ಅಬೂ ಹಯ್ಯಾನ್ ಅತ್ತೌಹೀದಿ ಹತ್ತನೇ ಶತಮಾನದ ಅರಬಿ ಗದ್ಯದ ಮಹಾನ್ ಲೇಖಕರಲ್ಲೊಬ್ಬ. ಬದುಕಿನುದ್ದಕ್ಕೂ ಅವನಿಗೆ ಅನ್ನ ನೀಡಿದ್ದು ನಕಲು ಕೆಲಸ. ಅದನ್ನವನು ಅನಿಷ್ಟದ ಕಸುಬು ಎಂದು ಹಳಿದಿದ್ದಾನೆ. ಬುವೈಹಿ ಮಂತ್ರಿ ಸಾಹಿಬ್ ಇಬ್ನ್ ಅಬ್ಬಾದ್‌ನ ಬಳಿ ರಯ್ ನಗರದಲ್ಲಿ ಅವನು ಸುಮಾರು ಮೂರು ವರ್ಷ ದುಡಿದ. ಒಮ್ಮೆ ಮಂತ್ರಿ ತನ್ನ ಪತ್ರಗಳ ಮೂವತ್ತು ಸಂಪುಟಗಳನ್ನು ನಕಲು ಮಾಡಿಕೊಡುವಂತೆ ಹೇಳಿದನು. ಇಷ್ಟನ್ನೆಲ್ಲ ಬರೆದರೆ ಕಣ್ಣು ಉಳಿಯದು, ಆಯ್ದ ಭಾಗಗಳನ್ನು ಮಾತ್ರ ಬರೆದುಕೊಡಲೇ ಎಂದು ತೌಹೀದಿ ಕೇಳಿದ್ದೇ ತಪ್ಪಾಯಿತು. ಮಂತ್ರಿಗೆ ಸಿಟ್ಟು ಬಂತು. ಕೊನೆಗೆ ಕ್ರಿ.ಶ. 980ರ ಸುಮಾರಿಗೆ ಬರಿಗೈಯಲ್ಲಿ ರಯ್ ಬಿಟ್ಟು ಹೊರಟ ತೌಹೀದಿ, ಮಂತ್ರಿಗಳ ನಡತೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದು ತನ್ನ ನೋವನ್ನು ಅದರಲ್ಲಿ ದಾಖಲಿಸಿದನು. ಇಳಿವಯಸ್ಸಿನಲ್ಲಿ ತನ್ನ ಪುಸ್ತಕಗಳನ್ನು ತಾನೇ ಸುಟ್ಟನು.

ಮಾತಿಗೆ ಒಪ್ಪಿದ್ದು ಒಂದು, ಹೇರಿದ್ದು ಇನ್ನೊಂದು. ಕೆಲಸ ಮುಗಿದ ಮೇಲೆ ಹಣವಿಲ್ಲ. ಸಾವಿರ ವರ್ಷಗಳ ಬಳಿಕ ಇಂದಿನ ವೆಬ್ ಡಿಸೈನರ್ ಹೇಳುವ ದೂರೂ ಇದೇ. ಐದು ಪುಟದ ಸೈಟ್ ಎಂದು ಒಪ್ಪಂದವಾಗಿರುತ್ತದೆ. "ಇನ್ನೊಂದು ಸಣ್ಣ ಬದಲಾವಣೆ" ಎನ್ನುತ್ತಾ ಗಿರಾಕಿ ಅದನ್ನು ಹದಿನೈದಕ್ಕೆ ಏರಿಸುತ್ತಾನೆ. ಅಂಗಡಿ ವ್ಯಾಪಾರವೂ ಅದರಲ್ಲೇ ಸೇರಲಿ ಎನ್ನುತ್ತಾನೆ. ಹಣದ ಮಾತು ಬಂದಾಗ ಮಾತ್ರ ಅವನ ಫೋನ್ ರಿಂಗ್ ಆಗುತ್ತಲೇ ಇರುತ್ತದೆ.

ಫಿಕ್‌ಹ್ ಕಂಡ ಫ್ರೀಲ್ಯಾನ್ಸರ್

'ಫ್ರೀಲ್ಯಾನ್ಸ್' ಎಂಬ ಇಂಗ್ಲಿಷ್ ಪದವನ್ನು ಪ್ರಸಿದ್ಧಿಗೆ ತಂದದ್ದು 1819ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್‌ನ 'ಐವಾನ್‌ಹೋ' ಕಾದಂಬರಿ. ಹಣ ಕೊಟ್ಟ ಯಾವ ಒಡೆಯನಿಗಾದರೂ ಈಟಿ ಹಿಡಿದು ಹೋರಾಡುವ ಬಾಡಿಗೆ ಸೈನಿಕರನ್ನು ಅದು ಸೂಚಿಸುತ್ತಿತ್ತು. ಇಸ್ಲಾಮೀ ಕರ್ಮಶಾಸ್ತ್ರವಾದ ಫಿಕ್‌ಹ್‌ನಲ್ಲಿ ಇದಕ್ಕಿಂತ ಎಷ್ಟೋ ಹಿಂದೆಯೇ, ಇದಕ್ಕಿಂತ ಶಾಂತವಾದ ಒಂದು ಪದವಿತ್ತು: 'ಅಜೀರ್ ಮುಶ್ತರಕ್'. ಅಂದರೆ ಹಲವರಿಗೆ ದುಡಿಯುವವನು. ದರ್ಜಿ, ಬಣ್ಣಗಾರ, ಅಗಸ ಮೊದಲಾದವರು ಈ ಗುಂಪಿನವರು. ಒಬ್ಬನಿಗಷ್ಟೇ ದುಡಿಯುವವನು 'ಅಜೀರ್ ಖಾಸ್'. ಖಾಸ್ ಆದವನಿಗೆ ಅವನು ಕೊಟ್ಟ ಸಮಯಕ್ಕೆ ಕೂಲಿ. ಮುಶ್ತರಕ್‌ಗೆ ಮುಗಿಸಿಕೊಟ್ಟ ಕೆಲಸಕ್ಕೆ ಕೂಲಿ. ನೌಕರ ಮತ್ತು ಫ್ರೀಲ್ಯಾನ್ಸರ್ ನಡುವೆ ಇಂದಿನ ಕಾನೂನು ಎಳೆಯುವ ಗೆರೆ ಸರಿಸುಮಾರು ಇದುವೇ.

ಹನಫಿ ಪಂಡಿತ ಬುರ್ಹಾನುದ್ದೀನ್ ಮರ್ಗೀನಾನಿ (ನಿಧನ 1197) ಬರೆದ 'ಹಿದಾಯ' ಗ್ರಂಥವನ್ನು ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇಂಗ್ಲಿಷಿಗೆ ತಂದ. ಈಸ್ಟ್ ಇಂಡಿಯಾ ಕಂಪೆನಿಯ ನ್ಯಾಯಾಲಯಗಳಿಗೆ ಅದು ಬೇಕಾಗಿತ್ತು. ಆ ಗ್ರಂಥದಲ್ಲಿ ಸ್ವಾರಸ್ಯಕರವಾದ ಒಂದು ವಿಧಿಯಿದೆ. ಯಾವ ಕುಶಲಕರ್ಮಿಯ ದುಡಿಮೆಯ ಗುರುತು ವಸ್ತುವಿನಲ್ಲೇ ಉಳಿಯುತ್ತದೆಯೋ, ಉದಾಹರಣೆಗೆ ಬಟ್ಟೆಗೆ ಬಣ್ಣ ಹಾಕುವವನು, ಅವನು ತನ್ನ ಕೂಲಿ ಸಿಗುವವರೆಗೆ ಆ ವಸ್ತುವನ್ನು ಕೊಡದೆ ಇಟ್ಟುಕೊಳ್ಳಬಹುದು. ಹೊರೆ ಹೊರುವವನಿಗೆ ಆ ಹಕ್ಕಿಲ್ಲ; ಅವನ ಕೆಲಸ ವಸ್ತುವಿನಲ್ಲಿ ಗುರುತು ಬಿಡುವುದಿಲ್ಲ. ಬಾಕಿ ಬರುವವರೆಗೆ ಸೈಟನ್ನು ಗಿರಾಕಿಯ ಸರ್ವರ್‌ಗೆ ಏರಿಸದೆ ತಡೆಹಿಡಿಯುವ ಯುವಕನಿಗೆ, ತಾನು ಬಣ್ಣಗಾರನ ಹಾದಿಯಲ್ಲಿದ್ದೇನೆಂದು ಗೊತ್ತಿರಲಿಕ್ಕಿಲ್ಲ.

ಈ ಶಾಸ್ತ್ರ ಕುಶಲಕರ್ಮಿಯ ಪರವಾಗಿ ಮಾತ್ರ ನಿಂತಿತೆಂದಲ್ಲ. ವಹಿಸಿಕೊಂಡ ವಸ್ತು ಕೆಟ್ಟರೆ ಅವನೇ ನಷ್ಟ ತುಂಬಿಕೊಡಬೇಕೇ ಎಂಬ ಬಗ್ಗೆ ಸಹಾಬಿಗಳ ಕಾಲದಿಂದಲೇ ಚರ್ಚೆ ನಡೆದಿದೆ. ಜನರ ಸೊತ್ತು ಸುರಕ್ಷಿತವಾಗಿರಲಿ ಎಂದು ಹಝ್ರತ್ ಅಲಿ(ರ) ಕುಶಲಕರ್ಮಿಗಳನ್ನು ಹೊಣೆಗಾರರನ್ನಾಗಿ ಮಾಡುತ್ತಿದ್ದರೆಂದು ವರದಿಯಾಗಿದೆ. ಅಡ್ವಾನ್ಸ್ ತೆಗೆದುಕೊಂಡು ಮಾಯವಾಗುವ ಡೆವಲಪರ್, ಇನ್ನೊಬ್ಬರ ಕೋಡ್ ಕದ್ದು ತನ್ನದೆಂದು ಮಾರುವವನು, ಗಿರಾಕಿಯ ಡೊಮೈನ್ ಹೆಸರನ್ನು ತನ್ನ ಹೆಸರಲ್ಲಿ ನೋಂದಾಯಿಸಿಕೊಂಡು ಆಮೇಲೆ ಬೆಲೆ ಏರಿಸುವವನು - ಇವರೆಲ್ಲ ಈ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ.

ಕಾತಿಬ್ ಎದ್ದುಹೋದ ದಿನ

ವರ್ರಾಕ್‌ನಿಂದ ನೇರ ವೆಬ್ ಡಿಸೈನರ್‌ಗೆ ಜಿಗಿಯಲಾಗದು. ನಡುವೆ ಕಾತಿಬ್ ಇದ್ದಾನೆ. ಅಚ್ಚುಮೊಳೆ ಬಂದ ಮೇಲೂ ಉರ್ದುವಿನ ಇಳಿಜಾರಾದ ನಸ್ತಾಲೀಖ್ ಲಿಪಿ ಅಚ್ಚುಮೊಳೆಗೆ ಒಗ್ಗಲಿಲ್ಲ. 1796ರಲ್ಲಿ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಕಲ್ಲಚ್ಚು ಅದಕ್ಕೆ ವರವಾಯಿತು. ಕಾತಿಬ್ ಕೈಯಿಂದ ಬರೆಯುವುದು, ಆ ಬರಹವನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕುವುದು. 1858ರಲ್ಲಿ ಲಕ್ನೋದಲ್ಲಿ ಮುನ್ಶಿ ನವಲ್ ಕಿಶೋರ್ ಸ್ಥಾಪಿಸಿದ ಮುದ್ರಣಾಲಯ ಈ ವಿಧಾನದಲ್ಲೇ ಅಸಂಖ್ಯ ಗ್ರಂಥಗಳನ್ನು ಹೊರತಂದಿತು. ಕುರ್‌ಆನ್ ಪ್ರತಿಗಳೂ ಅಲ್ಲಿ ಅಚ್ಚಾದವು. ಬಾಗ್ದಾದಿನಲ್ಲಿ ಕ್ರೈಸ್ತನೊಬ್ಬ ತಫ್ಸೀರ್ ನಕಲು ಮಾಡಿದ. ಲಕ್ನೋದಲ್ಲಿ ಹಿಂದೂ ಮುದ್ರಕ ಕುರ್‌ಆನ್ ಅಚ್ಚು ಹಾಕಿಸಿದ. ಅಕ್ಷರದ ದುಡಿಮೆ ನಮ್ಮನ್ನು ಒಬ್ಬರಿಗೊಬ್ಬರು ಬೇಕಾದವರನ್ನಾಗಿ ಮಾಡಿದ ಬಗೆಯಿದು.

1981ರಲ್ಲಿ ಪಾಕಿಸ್ತಾನದ ಅಹ್ಮದ್ ಮಿರ್ಝಾ ಜಮೀಲ್ ರೂಪಿಸಿದ 'ನೂರಿ ನಸ್ತಾಲೀಖ್' ಕಂಪ್ಯೂಟರಿಗೆ ಬಂತು. 1994ರಲ್ಲಿ ದೆಹಲಿಯ ಸಂಸ್ಥೆಯೊಂದು 'ಇನ್‌ಪೇಜ್' ತಂತ್ರಾಂಶವನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಪತ್ರಿಕಾ ಕಚೇರಿಗಳಲ್ಲಿ ಕಾತಿಬರ ಸಾಲುಗಳು ಖಾಲಿಯಾದವು. 1927ರಲ್ಲಿ ಆರಂಭವಾದ ಚೆನ್ನೈನ 'ದಿ ಮುಸಲ್ಮಾನ್' ಪತ್ರಿಕೆ ಇನ್‌ಪೇಜ್ ಬಂದ ಮೇಲೂ ಬಹುಕಾಲ ಕೈಬರಹದಲ್ಲೇ ಹೊರಬಂದದ್ದು ಒಂದು ಅಪವಾದ. ಹಲವು ಕಾತಿಬರು ಕಲಿತ ಕಸುಬನ್ನು ಮಡಚಿಟ್ಟು ಮದುವೆ ಆಮಂತ್ರಣ ಪತ್ರಿಕೆ, ಬೋರ್ಡು ಬರೆಯುವುದಕ್ಕೆ ಇಳಿದರು. ಇನ್ನು ಕೆಲವರು ಇಳಿವಯಸ್ಸಿನಲ್ಲಿ ಕೀಬೋರ್ಡ್ ಕಲಿತರು. ಕಸುಬುದಾರನಿಗೆ ಬಡತನಕ್ಕಿಂತಲೂ ಕಷ್ಟವಾದದ್ದು ತನ್ನ ಕೈಗೆ ಬೆಲೆಯಿಲ್ಲ ಎಂಬ ಅರಿವು.

ಜಾಲದ ಹುಟ್ಟು, ಕಸುಬಿನ ಹುಟ್ಟು

ಕಾತಿಬ್ ಎದ್ದುಹೋಗುತ್ತಿದ್ದ ಆ ವರ್ಷಗಳಲ್ಲೇ ಹೊಸ ಅಕ್ಷರಗಾರನ ಜನನವಾಗುತ್ತಿತ್ತು. ಜಿನೀವಾದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ವಿಶ್ವಜಾಲದ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಅದರ ತಂತ್ರವನ್ನು ಎಲ್ಲರಿಗೂ ಉಚಿತವೆಂದು ಘೋಷಿಸಿತು. ಈ ಒಂದು ನಿರ್ಧಾರ ಇಲ್ಲದಿದ್ದರೆ ಹಳ್ಳಿಯ ಹುಡುಗನೊಬ್ಬ ಯಾರ ಅನುಮತಿಯನ್ನೂ ಕೇಳದೆ ಪುಟ ಕಟ್ಟುವ ಕಸುಬು ಕಲಿಯಲು ಸಾಧ್ಯವಿರಲಿಲ್ಲ. 1994ರಲ್ಲಿ ಹೋಕನ್ ವಿಯುಮ್ ಲೀ ಪುಟದ ರೂಪವನ್ನು ನಿಯಂತ್ರಿಸುವ ಸಿಎಸ್‌ಎಸ್ ಭಾಷೆಯನ್ನು ಸೂಚಿಸಿದರು. 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ಸಿದ್ಧಪಡಿಸಿದರು. ಅದೇ ವರ್ಷ ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿಯನ್ನು ಬಿಡುಗಡೆ ಮಾಡಿದರು. ವೆಬ್ ಕಸುಬಿನ ಉಳಿ, ಸುತ್ತಿಗೆ, ಗರಗಸಗಳೆಲ್ಲ ಎರಡು-ಮೂರು ವರ್ಷಗಳ ಅವಧಿಯಲ್ಲಿ ಸಿದ್ಧವಾದವು.

ಭಾರತದಲ್ಲಿ ವಿದೇಶ್ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿಯ ಜೊತೆಗೆ ಇಂಟರ್‌ನೆಟ್ ಕೂಡ ಒದಗಿಸುವ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆಯಿತು. ಆಮೇಲೆ ಜಿಲ್ಲಾ ಕೇಂದ್ರಗಳಿಗೂ ಸೈಬರ್ ಕೆಫೆಗಳು ಬಂದವು. ಗಂಟೆಗಿಷ್ಟು ಎಂದು ತೆತ್ತು, ಬೇರೆ ಸೈಟಿನ ಪುಟವನ್ನು ಫ್ಲಾಪಿಗೆ ಇಳಿಸಿಕೊಂಡು, ಮನೆಯಲ್ಲಿ ಅದನ್ನು ಬಿಚ್ಚಿ ನೋಡಿ ಕಲಿತವರು ಈ ಕಸುಬಿನ ಮೊದಲ ತಲೆಮಾರು. ಇದಕ್ಕೆ ಪದವಿ ಬೇಕಿರಲಿಲ್ಲ. ಇಂಜಿನಿಯರಿಂಗ್ ಸೀಟಿಗೆ ಹಣವಿಲ್ಲದ ಮನೆಗಳ ಮಕ್ಕಳಿಗೆ ಇದು ತೆರೆದ ಬಾಗಿಲಾಯಿತು.

2000ದ ಮಾರ್ಚ್ 10ರಂದು ಅಮೆರಿಕದ ನ್ಯಾಸ್ಡಾಕ್ ಸೂಚ್ಯಂಕ ತುತ್ತತುದಿಗೇರಿ, ಆಮೇಲೆ ಕುಸಿಯತೊಡಗಿತು. 2002ರ ಅಕ್ಟೋಬರ್ ಹೊತ್ತಿಗೆ ಅದು ತನ್ನ ಮೌಲ್ಯದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕಳಕೊಂಡಿತ್ತು. ಕಂಪೆನಿಗಳು ಬಾಗಿಲು ಹಾಕಿದವು. ಕೆಲಸ ಕಳಕೊಂಡವರಲ್ಲಿ ಎಷ್ಟೋ ಮಂದಿ ಮನೆಯಲ್ಲೇ ಕೂತು ಬಿಡಿ ಕೆಲಸ ಹಿಡಿದರು. 2003ರ ಮೇ ತಿಂಗಳಲ್ಲಿ ಬಂದ 'ವರ್ಡ್‌ಪ್ರೆಸ್' ಎಂಬ ಉಚಿತ ತಂತ್ರಾಂಶ ಇಂಥವರ ಅನ್ನದ ಬಟ್ಟಲಾಯಿತು. ಇಂದು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇ. 40ಕ್ಕೂ ಹೆಚ್ಚು ಅದರ ಮೇಲೆಯೇ ನಿಂತಿವೆ.

ಕನ್ನಡದ ಒತ್ತಕ್ಷರ, ಉರ್ದುವಿನ ಚಿತ್ರಪುಟ

ಇಂಗ್ಲಿಷಿನಲ್ಲಿ ಪುಟ ಕಟ್ಟುವವನಿಗೆ ಇಲ್ಲದ ಒಂದು ತೊಡಕು ನಮ್ಮ ಭಾಷೆಗಳಲ್ಲಿ ಕಟ್ಟುವವನಿಗೆ ಇತ್ತು. 1996ರಲ್ಲಿ ಡಾ. ಯು.ಬಿ. ಪವನಜ ಆರಂಭಿಸಿದ 'ವಿಶ್ವಕನ್ನಡ' ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದವು. ಆದರೆ ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಗೋಜಲಾಗುತ್ತಿತ್ತು. ಪತ್ರಿಕೆಗಳ ಸೈಟ್‌ಗಳು ಒಂದೊಂದು ಫಾಂಟ್ ಹಿಡಿದಿದ್ದವು. ಅನೇಕ ಸೈಟ್‌ಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಒಂದೇ ಬ್ರೌಸರಿನಲ್ಲಿ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ 1991ರಲ್ಲೇ ಸಿಕ್ಕಿದ್ದರೂ, 2001ರಲ್ಲಿ 'ತುಂಗಾ' ಫಾಂಟಿನೊಡನೆ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆಯೇ ಸಾಮಾನ್ಯ ಬಳಕೆದಾರರಿಗೆ ಅದರ ಪ್ರಯೋಜನ ದೊರೆಯತೊಡಗಿತು. ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು, ಒತ್ತಕ್ಷರಗಳು ಎಲ್ಲಿ ಕೆಟ್ಟಿವೆಯೆಂದು ಸಾಲು ಸಾಲಾಗಿ ತಿದ್ದಿದ ಕೆಲಸವನ್ನು ಎಷ್ಟೋ ಕಡೆ ಮಾಡಿದವರು ಹೆಸರಿಲ್ಲದ ಬಿಡಿ ಕೆಲಸಗಾರರು.

ಉರ್ದುವಿನ ಪಾಡು ಇನ್ನೂ ವಿಚಿತ್ರ. ಹಲವು ಉರ್ದು ಪತ್ರಿಕೆಗಳು ವರ್ಷಗಟ್ಟಲೆ ತಮ್ಮ ಪುಟಗಳನ್ನು ಚಿತ್ರಗಳಾಗಿ ಕತ್ತರಿಸಿ ಜಾಲಕ್ಕೆ ಏರಿಸುತ್ತಿದ್ದವು. ಓದಬಹುದಿತ್ತು, ಹುಡುಕಲಾಗುತ್ತಿರಲಿಲ್ಲ. 2014ರಲ್ಲಿ ಗೂಗಲ್ 'ನೋಟೋ ನಸ್ತಾಲೀಖ್ ಉರ್ದು' ಫಾಂಟನ್ನು ಉಚಿತವಾಗಿ ಬಿಟ್ಟಿತು. ಕಾತಿಬ್‌ನ ಕೈಯೋಟ ಕೊನೆಗೂ ಹುಡುಕಲು ಸಿಗುವ ಅಕ್ಷರವಾಗಿ ಜಾಲಕ್ಕೆ ಮರಳಿತು. ಹತ್ತನೇ ಶತಮಾನದಲ್ಲಿ ಇಬ್ನ್ ಮುಖ್ಲ ಲೇಖನಿಯ ಚುಕ್ಕೆಯನ್ನೇ ಅಳತೆಗೋಲಾಗಿಸಿ ಅರಬಿ ಅಕ್ಷರಗಳಿಗೆ ಪ್ರಮಾಣ ಹಾಕಿಕೊಟ್ಟಿದ್ದ. ಮೊಬೈಲ್ ಬಂದ ಮೇಲೆ, 2010ರಲ್ಲಿ ಈಥನ್ ಮಾರ್ಕಾಟ್ ಒಂದೇ ಪುಟ ದೊಡ್ಡ ಪರದೆಗೂ ಸಣ್ಣ ಪರದೆಗೂ ಹೊಂದಿಕೊಳ್ಳುವ ವಿನ್ಯಾಸ ಪದ್ಧತಿಯನ್ನು ಪ್ರತಿಪಾದಿಸಿದಾಗ ಎದುರಿದ್ದದ್ದೂ ಅದೇ ಪ್ರಶ್ನೆ: ಅಳತೆ ಬದಲಾದರೂ ಅಂದ ಕೆಡದಿರುವುದು ಹೇಗೆ?

ಜಗತ್ತೇ ಪೇಟೆಯಾದಾಗ

ಬಾಗ್ದಾದಿನ ವರ್ರಾಕ್‌ಗೆ ಗಿರಾಕಿ ಬೀದಿಯಲ್ಲೇ ಸಿಗುತ್ತಿದ್ದ. ವೆಬ್ ಡಿಸೈನರ್‌ಗೆ ಗಿರಾಕಿ ಸಮುದ್ರದಾಚೆಗೂ ಇದ್ದಾನೆ. 1999ರಲ್ಲಿ ಈಲ್ಯಾನ್ಸ್, 2003ರಲ್ಲಿ ಓಡೆಸ್ಕ್ ಎಂಬ ವೇದಿಕೆಗಳು ಆರಂಭವಾದವು. 2013ರಲ್ಲಿ ಇವೆರಡೂ ಒಂದಾಗಿ, 2015ರಲ್ಲಿ 'ಅಪ್‌ವರ್ಕ್' ಎಂಬ ಹೆಸರು ಪಡೆದವು. 2010ರಲ್ಲಿ 'ಫೈವರ್' ಬಂತು. ಭಟ್ಕಳದಲ್ಲೋ ಬಿಜಾಪುರದಲ್ಲೋ ಕುಳಿತವನು ಲಂಡನ್ನಿನ ಬೇಕರಿಗೆ ಸೈಟ್ ಕಟ್ಟುವುದು ಸಾಧ್ಯವಾಯಿತು. ಕುಟುಂಬವನ್ನು ಬಿಟ್ಟು ಗಲ್ಫ್‌ಗೆ ಹೋಗದೆಯೂ ವಿದೇಶದ ದುಡ್ಡು ಮನೆಗೆ ಬಂತು. ಇದು ಸಣ್ಣ ಲಾಭವಲ್ಲ.

ಆದರೆ ಪೇಟೆ ಜಗತ್ತಿನಷ್ಟು ದೊಡ್ಡದಾದಾಗ ಪೈಪೋಟಿಯೂ ಅಷ್ಟೇ ದೊಡ್ಡದಾಗುತ್ತದೆ. ಒಂದೇ ಕೆಲಸಕ್ಕೆ ಹತ್ತು ದೇಶಗಳವರು ದರ ಇಳಿಸುತ್ತಾರೆ. ವೇದಿಕೆಯ ಪಾಲೂ ಇದೆ. 2016ರಲ್ಲಿ ಅಪ್‌ವರ್ಕ್ ಪ್ರತಿ ಗಿರಾಕಿಯಿಂದ ಬರುವ ಮೊದಲ 500 ಡಾಲರುಗಳ ಮೇಲೆ ಶೇ. 20ರಷ್ಟು ಮುರಿದುಕೊಳ್ಳತೊಡಗಿತು. 2023ರಲ್ಲಿ ಅದನ್ನು ಶೇ. 10ಕ್ಕೆ ಇಳಿಸಿತು. ಗಿರಾಕಿ ಕೊಡುವ ನಕ್ಷತ್ರಗಳೇ ಮುಂದಿನ ಅನ್ನ ನಿರ್ಧರಿಸುವುದರಿಂದ, ಅನ್ಯಾಯವಾದರೂ ಬಾಯಿ ಮುಚ್ಚಿಕೊಂಡಿರುವುದು ರೂಢಿಯಾಯಿತು. ಹಣ ಬರುವ ದಾರಿಯೂ ಸುಗಮವಾಗಿರಲಿಲ್ಲ. 2011ರ ಮಾರ್ಚ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಪೇಪಾಲ್ ಮೂಲಕ ಒಮ್ಮೆಗೆ 500 ಡಾಲರಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ. ಆ ಮಿತಿ ಮುಂದೆ ಸಡಿಲವಾಯಿತು.

ಕಾಗದದ ಮೇಲಿನ ಹಕ್ಕು

ನೌಕರನಿಗೆ ಪಿಎಫ್ ಇದೆ, ರಜೆಯಿದೆ, ಸಾಲ ಕೇಳಲು ಸಂಬಳ ಚೀಟಿಯಿದೆ. ಫ್ರೀಲ್ಯಾನ್ಸರ್‌ಗೆ ಇದಾವುದೂ ಇಲ್ಲ. ಜ್ವರ ಬಂದರೆ ಅಂದಿನ ಆದಾಯ ನಿಂತಿತು. ಹಾಗೆಂದು ಅವನು ಪೂರ್ತಿ ಅನಾಥನೂ ಅಲ್ಲ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ, ನೋಂದಾಯಿಸಿಕೊಂಡ ಕಿರು ಅಥವಾ ಸಣ್ಣ ಉದ್ಯಮದಿಂದ ಸೇವೆ ಪಡೆದವರು ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಚಕ್ರಬಡ್ಡಿ ತೆರಬೇಕು. ಈ ನೋಂದಣಿಗೆ ಶುಲ್ಕವಿಲ್ಲ, ಒಬ್ಬನೇ ದುಡಿಯುವವನೂ ಮಾಡಿಸಿಕೊಳ್ಳಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ. ನೌಕರನಲ್ಲದವನು ಬರೆದ ಕೋಡ್‌ನ ಮೊದಲ ಒಡೆಯ ಸಾಮಾನ್ಯವಾಗಿ ಬರೆದವನೇ; ಬರಹದ ಮೂಲಕ ವರ್ಗಾಯಿಸದೆ ಅದು ಗಿರಾಕಿಯದಾಗುವುದಿಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಸಾಮಾಜಿಕ ಭದ್ರತೆಯ ಕಾಯಿದೆ ತಂದಿತು. ಆದರೆ ಅದು ವೇದಿಕೆಗಳ ಮೂಲಕ ದುಡಿಯುವವರ ಕುರಿತಾದದ್ದು. ಊರಿನ ಗಿರಾಕಿಯಿಂದ ನೇರವಾಗಿ ಕೆಲಸ ಹಿಡಿಯುವವನು ಅದರ ಹೊರಗೇ ಉಳಿಯುತ್ತಾನೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 2017ರ ಮೇ ತಿಂಗಳಲ್ಲಿ ಒಂದು ಕಾನೂನು ಜಾರಿಗೆ ಬಂತು. 800 ಡಾಲರ್ ಮತ್ತು ಅದಕ್ಕೂ ಹೆಚ್ಚಿನ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಬೇರೆ ದಿನಾಂಕ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ 30 ದಿನಗಳೊಳಗೆ ಹಣ ಕೊಡಬೇಕು. ಇದನ್ನು ಓದಿದಾಗ ನಮಗೆ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ನೆನಪಾಯಿತು. ಅಲ್ ಬಖರ ಅಧ್ಯಾಯದ 282ನೇ ಸೂಕ್ತ ನಮಾಝಿನ ಕುರಿತಾದದ್ದಲ್ಲ, ಉಪವಾಸದ ಕುರಿತಾದದ್ದೂ ಅಲ್ಲ. ಅವಧಿ ನಿಗದಿಪಡಿಸಿ ಮಾಡಿಕೊಳ್ಳುವ ಸಾಲದ ವ್ಯವಹಾರವನ್ನು ಬರೆದಿಟ್ಟುಕೊಳ್ಳಬೇಕು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದು, ಬರೆಯುವವನು ನ್ಯಾಯದಿಂದ ಬರೆಯಬೇಕು ಎಂಬುದು ಅದರ ಸಾರ. ಮುಗಿಸಿಕೊಟ್ಟ ಕೆಲಸದ ಬಾಕಿಯೂ ಒಂದು ಸಾಲವೇ ಅಲ್ಲವೇ?

ಈಗಿನ ಭಯ

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಕೆಲವು ಸಾಲುಗಳಲ್ಲಿ ಬೇಕಾದದ್ದನ್ನು ಹೇಳಿದರೆ ಯಂತ್ರವೇ ಪುಟ ಕಟ್ಟಿಕೊಡುವ ಕಾಲ ಬಂದಿದೆ. "ನಿನ್ನ ಕೆಲಸ ಯಂತ್ರ ಬಿಟ್ಟಿಯಾಗಿ ಮಾಡುತ್ತದೆ, ನಿನಗೇಕೆ ಇಷ್ಟು ಹಣ?" ಎಂದು ಗಿರಾಕಿ ಕೇಳುತ್ತಾನೆ. ಇನ್‌ಪೇಜ್ ಬಂದಾಗ ಕಾತಿಬ್‌ಗೆ ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಈ ಕಸುಬಿನಲ್ಲಿ ಕಲಿತದ್ದು ಹಳತಾಗುವುದು ಮೊದಲ ಬಾರಿಯಲ್ಲ. ಒಂದು ಕಾಲದಲ್ಲಿ ಮೆರೆದ ಫ್ಲ್ಯಾಶ್ 2020ರ ಕೊನೆಗೆ ನಿಂತಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತವಾಯಿತು. ಅವುಗಳನ್ನೇ ನಂಬಿದ್ದವರು ಮತ್ತೆ ಅ ಆ ಇ ಈಯಿಂದ ಕಲಿತರು. ಪುಟ ಕಟ್ಟುವುದು ಅಗ್ಗವಾಗಬಹುದು. ಆದರೆ ಗಿರಾಕಿಗೆ ನಿಜವಾಗಿ ಬೇಕಾದದ್ದೇನೆಂದು ತಿಳಿಯುವುದು, ಕನ್ನಡದ ಒತ್ತಕ್ಷರ ಸರಿಯಿದೆಯೇ ಎಂದು ನೋಡುವುದು, ಅರ್ಧರಾತ್ರಿ ಸೈಟ್ ಬಿದ್ದರೆ ಎದ್ದು ನಿಲ್ಲಿಸುವುದು, ಈ ಹೊಣೆಗಾರಿಕೆಯನ್ನು ಮನುಷ್ಯನೇ ಹೊರಬೇಕು. ಆ ಹೊಣೆಗೂ ಕೂಲಿಯಿದೆ ಎಂಬುದನ್ನು ಗಿರಾಕಿ ಒಪ್ಪಬೇಕು, ಅಷ್ಟೆ.

ನಾವೂ ಆ ಗಿರಾಕಿಯೇ

ಇಷ್ಟು ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಹಲವು ವರ್ಷಗಳ ಹಿಂದೆ ನಾವು ಸದಸ್ಯರಾಗಿದ್ದ ಒಂದು ಸಂಸ್ಥೆಗೆ ವೆಬ್‌ಸೈಟ್ ಬೇಕಾಯಿತು. ಊರಿನ ಯುವಕನೊಬ್ಬನನ್ನು ಕರೆಸಿದೆವು. ದರದ ಬಗ್ಗೆ ಅವನು ಸಂಕೋಚದಿಂದ ಬಾಯಿ ತೆರೆಯುವಷ್ಟರಲ್ಲಿ ನಮ್ಮಲ್ಲೊಬ್ಬರು "ಇದು ದೀನಿನ ಕೆಲಸ ಮಗನೇ, ಸವಾಬ್ ಸಿಗುತ್ತದೆ, ನೋಡಿ ಕೊಡೋಣ" ಎಂದರು. ನಾವೆಲ್ಲ ತಲೆಯಾಡಿಸಿದೆವು. ಅವನು ಎರಡು ತಿಂಗಳು ದುಡಿದ. ಹೊಸ ಕಾರ್ಯದರ್ಶಿ ಬಂದು ಬಣ್ಣ ಬದಲಿಸೆಂದರು, ಬದಲಿಸಿದ. ಉರ್ದು ಪುಟವೂ ಬೇಕೆಂದೆವು, ಸೇರಿಸಿದ. ಉದ್ಘಾಟನೆಯ ದಿನ ಅವನಿಗೊಂದು ಶಾಲು ಹೊದೆಸಿದೆವು. ಶಾಮಿಯಾನದವನಿಗೆ, ಮೈಕ್‌ನವನಿಗೆ, ಬಿರಿಯಾನಿ ಮಾಡಿದವನಿಗೆ ಅಂದೇ ಹಣ ಸಂದಿತು. ಅವನ ಹಣದ ವಿಚಾರ ಮುಂದಿನ ಸಭೆಗೆ, ಅದರ ಮುಂದಿನ ಸಭೆಗೆ ಹೋಯಿತು. ಸುಮಾರು ಒಂದು ವರ್ಷದ ಬಳಿಕ ಒಂದಿಷ್ಟು ಕೊಟ್ಟೆವು. ಆಗಲೂ ಅವನು ಕೇಳಿದ್ದಕ್ಕಿಂತ ಕಡಿಮೆ.

ಬಿರಿಯಾನಿ ಮಾಡಿದವನ ಬೆವರು ನಮಗೆ ಕಂಡಿತ್ತು. ಇವನ ಬೆವರು ಕಾಣಲಿಲ್ಲ. ಕಾರಣ ಅಷ್ಟೇ. ಕಾರ್ಮಿಕನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಮ್ಮ ವೇದಿಕೆಗಳಲ್ಲಿ ಎಷ್ಟು ಬಾರಿ ಕೇಳಿಲ್ಲ? ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಅದರಲ್ಲಿ ಮಸೀದಿ, ಮದ್ರಸ, ಸಂಘ-ಸಂಸ್ಥೆಗಳಿಗೆ ವಿನಾಯಿತಿ ಇರುವುದನ್ನು ನಾವು ಕಂಡಿಲ್ಲ. ಸವಾಬ್ ಗಳಿಸಲು ಉಚಿತವಾಗಿ ದುಡಿಯುವುದು ದುಡಿಯುವವನ ಆಯ್ಕೆ. ಅವನ ಪರವಾಗಿ ನಾವು ಅದನ್ನು ಆರಿಸುವಂತಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಕೆಲಸ ಆರಂಭಿಸುವ ಮೊದಲು ಏನು, ಎಷ್ಟು, ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆಯೋಣ. ಮುಂಗಡ ಕೊಡೋಣ. ಹೆಚ್ಚಿನ ಕೆಲಸ ಹೇಳಿದರೆ ಹೆಚ್ಚಿನ ದರವನ್ನೂ ಅದರಲ್ಲೇ ಬರೆಯೋಣ. ಡೊಮೈನ್ ಹೆಸರು ಸಂಸ್ಥೆಯ ಹೆಸರಲ್ಲಿರಲಿ, ಕೋಡ್ ಯಾರದೆಂಬುದು ಸ್ಪಷ್ಟವಿರಲಿ. ದುಡಿಯುವವನೂ ಹೇಳಿದ ದಿನಕ್ಕೆ ಮುಗಿಸಲಿ, ಆಗದ್ದನ್ನು ಆಗುತ್ತದೆಂದು ಒಪ್ಪಿಕೊಳ್ಳದಿರಲಿ.

ತೌಹೀದಿಯ ಪುಸ್ತಕಗಳು ಅವನು ಸುಟ್ಟ ಮೇಲೂ ಉಳಿದವು, ಬೇರೆಯವರ ಬಳಿ ಪ್ರತಿಗಳಿದ್ದುದರಿಂದ. ಆ ಪ್ರತಿಗಳನ್ನು ಬರೆದವರೂ ಅವನಂತೆಯೇ ಹಾಳೆಗಿಷ್ಟು ಎಂದು ದುಡಿದ ವರ್ರಾಕರೇ. ಅವರಿಗೆ ಕೂಲಿ ಸಂದಿತೋ ಇಲ್ಲವೋ ಚರಿತ್ರೆ ಹೇಳುವುದಿಲ್ಲ. ನಮ್ಮ ಊರಿನ ಆ ಯುವಕನಿಗೆ ಸಂದಿತೋ ಇಲ್ಲವೋ ಎಂಬುದು ಮಾತ್ರ ನಮಗೆ ಚೆನ್ನಾಗಿ ಗೊತ್ತು. ಅವನ ಉಳಿದ ಬಾಕಿ ಇನ್ನೂ ನಮ್ಮ ಮೇಲಿದೆ.